ಎಂಟು ವರ್ಷದ ಅಕ್ಷತೆ

ಶ್ರೀರಂಗಮ್ಮ: ನಾನು ಅವತ್ತೇ ಬಡ್ಕೊಂಡೆ. ಈ ಸಲ ಆಯುಧಪೂಜೆಗೆ ಅದರ ತಲೆ ಮೇಲೆ ಒಂದು ಹೂವು ಇಡೋಕೂ ಬಿಡಲಿಲ್ಲ ನೀವು. ಈಗ ಅನುಭವಿಸಿ.

ರಾಮಾನುಜ: ಕಂಪ್ಯೂಟರ್ ಕೆಟ್ಟಿದ್ದಕ್ಕೂ ಹೂವಿಗೂ ಏನೇ ಸಂಬಂಧ?

ಶ್ರೀರಂಗಮ್ಮ: ಎಂಟು ವರ್ಷ ಪೂಜೆ ಮಾಡಿದೆ, ಎಂಟು ವರ್ಷ ಓಡ್ತು. ಒಂಬತ್ತನೇ ವರ್ಷ ಬೇಡ ಅಂದ್ರಿ, ಹದಿನೈದೇ ದಿನಕ್ಕೆ ಮಲಗ್ತು. ಸಂಬಂಧ ನೀವೇ ಹುಡುಕಿ. ಮೇಷ್ಟ್ರು ನೀವು.

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರಾಜಶೇಖರನ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿ ಅಂದರೆ ಮೂರು ಜನ ನಿಂತರೆ ನಾಲ್ಕನೆಯವರು ಬೀದಿಯಲ್ಲಿ ನಿಲ್ಲಬೇಕಾದಷ್ಟು ಜಾಗ. ರಾಮಾನುಜ ಮೇಷ್ಟ್ರು ಹಳೇಬೀಡಿನಿಂದ ಇಲ್ಲಿಯವರೆಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ನಿವೃತ್ತಿಯ ದಿನ ಹೊದಿಸಿದ ಶಾಲು ಅದಕ್ಕೆ ಸುತ್ತಿದ್ದರು. ದಾರಿಯಲ್ಲಿ ಹಂಪು ಸಿಕ್ಕಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿಯುತ್ತಿದ್ದರು. ಮಕ್ಕಳನ್ನು ಒಂದು ದಿನವೂ ಹೀಗೆ ಎತ್ತಿಕೊಂಡವರಲ್ಲ ಎಂದು ಶ್ರೀರಂಗಮ್ಮ ಜಾವಗಲ್ಲಿನಲ್ಲಿ ಒಮ್ಮೆ, ಬಾಣಾವರದಲ್ಲಿ ಒಮ್ಮೆ ಹೇಳಿಯಾಗಿತ್ತು.

ಮೇಷ್ಟ್ರ ಸಂಕಟ ಸುಮ್ಮನೆ ಹುಟ್ಟಿದ್ದಲ್ಲ. ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿ ನಿವೃತ್ತರಾದ ಮೇಲೆ ಎಂಟು ವರ್ಷ ಬಸ್ತಿಹಳ್ಳಿ, ಮಾದಿಹಳ್ಳಿ ಕಡೆಯ ಕೆರೆ ಏರಿ, ಹೊಲದ ಬದು ಎಲ್ಲ ಸುತ್ತಿ ‘ನಮ್ಮ ಸುತ್ತಿನ ಕಲ್ಲುಗಳು’ ಎಂಬ ಗ್ರಂಥ ಬರೆದಿದ್ದರು. ರಾಜ್ಯೋತ್ಸವದ ದಿನ ಬಿಡುಗಡೆ. ಆಹ್ವಾನ ಪತ್ರಿಕೆ ಅಚ್ಚಾಗಿ ಹಂಚಿಯೂ ಆಗಿತ್ತು. ಶುಕ್ರವಾರದೊಳಗೆ ಪ್ರೆಸ್ಸಿಗೆ ಕೊಡಬೇಕು, ಇವತ್ತು ಮಂಗಳವಾರ, ಗ್ರಂಥ ಪೆಟ್ಟಿಗೆಯೊಳಗೆ.

ರಾಜಶೇಖರ ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದ. ತೆಗೆದವನು ಹಾಗೇ ನಿಂತ.

ರಾಜಶೇಖರ್: ಸಾರ್, ಇದರೊಳಗೆ ಯಾರ ಮದುವೆ ಆಯ್ತು?

ಫ್ಯಾನಿನ ಸಂದಿಯಲ್ಲಿ ಅಕ್ಷತೆ, ತಂತಿಗಳ ಮೇಲೆ ಕುಂಕುಮ, ಮೂಲೆಯಲ್ಲಿ ಒಣಗಿದ ತುಳಸಿ, ಇನ್ನೊಂದು ಮೂಲೆಯಲ್ಲಿ ಯಾವ ಕಾಲದ್ದೋ ಸೇವಂತಿಗೆ ಎಸಳು.

ಶ್ರೀರಂಗಮ್ಮ: ಮೇಲೆ ತೂತುಗಳಿದ್ವಲ್ಲಪ್ಪ. ಅದಕ್ಕೇ ಅಂತ ಬಿಟ್ಟಿದಾರೆ ಅಂದ್ಕೊಂಡೆ.

ರಾಜಶೇಖರ್: ಅದು ಗಾಳಿ ಆಡೋಕೆ ಅಮ್ಮ.

ಶ್ರೀರಂಗಮ್ಮ: ಗಾಳಿ ಆಡೋ ಕಡೆ ನಾಲ್ಕು ಕಾಳು ಅಕ್ಷತೆ ಆಡಿದ್ರೆ ಏನಂತೆ?

ರಾಜಶೇಖರ್: ಈ ಬಿಳಿ ಕಲೆ ಏನು?

ಶ್ರೀರಂಗಮ್ಮ: ತೀರ್ಥ. ಒಂದೇ ಒಂದು ಉದ್ಧರಣೆ.

ರಾಜಶೇಖರ್: ಒಂದೇ ಸಲಾನಾ?

ಶ್ರೀರಂಗಮ್ಮ: ವರ್ಷಕ್ಕೆ ಒಂದೇ ಸಲ.

ರಾಮಾನುಜ: ಕೇಳಿಸ್ಕೊಂಡೆಯೇನಪ್ಪಾ ರಾಜಶೇಖರ? ನಾನು ಮುಂದೆ ಕೂತು ಗ್ರಂಥ ಬರೀತಿದ್ರೆ, ಇವಳು ಹಿಂದಿನಿಂದ ಎಳ್ಳುನೀರು ಬಿಡ್ತಿದ್ದಳು!

ರಾಜಶೇಖರ್: ಅಮ್ಮನ್ನ ಬೈಬೇಡಿ ಸಾರ್. ಹೋಗಿರೋದು ಹಾರ್ಡ್ ಡಿಸ್ಕು. ನೀವು ಬರೆದಿದ್ದೆಲ್ಲ ಇರೋದು ಇದರಲ್ಲೇ. ಇದು ಮುಚ್ಚಿದ ಡಬ್ಬಿ, ತೀರ್ಥ ಇದರೊಳಕ್ಕೆ ಹೋಗಿಲ್ಲ. ವಯಸ್ಸಾಗಿದೆ, ಅಷ್ಟೆ.

ಶ್ರೀರಂಗಮ್ಮ: ಹೋಗಿದ್ರೆ ಇನ್ನೂ ನಾಲ್ಕು ದಿನ ಬಾಳ್ತಿತ್ತು.

ರಾಜಶೇಖರ ಡಿಸ್ಕನ್ನು ಬಿಚ್ಚಿ, ಒರೆಸಿ, ತನ್ನ ಕಂಪ್ಯೂಟರಿಗೆ ಜೋಡಿಸಿದ. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಮೇಷ್ಟ್ರ ಮುಖದಲ್ಲಿ ಸ್ವಲ್ಪ ಬೆಳಕು ಮೂಡಿತು.

ರಾಮಾನುಜ: ಸದ್ದು ಬರ್ತಿದೆ ಅಂದ್ರೆ ಜೀವ ಇದೆ ಅಂತ ತಾನೆ?

ರಾಜಶೇಖರ್: ಹೋಗ್ತಿದೆ ಅಂತ ಸಾರ್. ಈ ಸದ್ದು ಎಷ್ಟು ದಿನದಿಂದ?

ರಾಮಾನುಜ: ಎರಡು ತಿಂಗಳು.

ರಾಜಶೇಖರ್: ಎರಡು ತಿಂಗಳು ಏನು ಮಾಡ್ತಿದ್ರಿ?

ಶ್ರೀರಂಗಮ್ಮ: ಅದರ ತಲೆ ಮೇಲೆ ಮೊಟಕ್ತಿದ್ರು. ಕ್ಲಾಸಿನ ಅಭ್ಯಾಸ ನೋಡಿ, ಎಲ್ಲಿ ಹೋಗುತ್ತೆ?

ರಾಮಾನುಜ: ಮೊಟಕಿದರೆ ಸುಮ್ಮನಾಗ್ತಿತ್ತು ಕಣಯ್ಯ!

ರಾಜಶೇಖರ್: ಈಗ ಪೂರ್ತಿ ಸುಮ್ಮನಾಗೋ ಹಂಗಿದೆ. ಇನ್ನೊಂದು ಕಾಪಿ ಎಲ್ಲಿಟ್ಟಿದೀರಿ?

ರಾಮಾನುಜ: ಏನು, ಕಾಪಿಯಾ? ಮೂವತ್ತೊಂದು ವರ್ಷ ನನ್ನ ಕ್ಲಾಸಲ್ಲಿ ಕಾಪಿ ಅನ್ನೋ ಮಾತೇ ಇರಲಿಲ್ಲ.

ರಾಜಶೇಖರ ಹಣೆ ಒತ್ತಿಕೊಂಡ. ಇಲ್ಲೇ ಒಂದು ಕೈ ನೋಡುತ್ತೇನೆ, ಎದ್ದರೆ ಎದ್ದೀತು. ಇಲ್ಲದಿದ್ದರೆ ಬೆಂಗಳೂರಿಗೆ ಕಳಿಸಬೇಕು, ತಿಂಗಳು ಹಿಡಿಯುತ್ತದೆ, ಅಲ್ಲಿಂದಲೂ ಬರುತ್ತದೆಂಬ ಭರವಸೆಯಿಲ್ಲ ಎಂದ. ಯಾರಿಗಾದರೂ ಓದಲು ಕಳಿಸಿದ್ದಿರಾ ಎಂದೂ ಕೇಳಿದ.

ರಾಮಾನುಜ: ಅಯ್ಯೋ, ನನಗೆ ಹೊಳೆಯಲೇ ಇಲ್ಲ ನೋಡು! ಯುಗಾದಿ ದಿನ ಇಪ್ಪತ್ತಮೂರು ಜನಕ್ಕೆ ಮೇಲ್ ಮಾಡಿದ್ದೆ. ಹದಿನೇಳು ಜನ ಉತ್ತರಾನೂ ಬರೆದರು. ಅಂಥಿಂಥ ಉತ್ತರ ಅಲ್ಲ, ಒಬ್ಬೊಬ್ಬರದೂ ಕಟ್ಟು ಹಾಕಿಸ್ಬೇಕು! ತಾಳು, ಮೋಹನ್‌ಕುಮಾರನಿಗೆ ಫೋನ್ ಮಾಡ್ತೀನಿ. ನನ್ನ ಶಿಷ್ಯ. ಬೇಲೂರಲ್ಲಿ ಗುಮಾಸ್ತ.

ಮೇಷ್ಟ್ರಿಗೆ ಫೋನನ್ನು ಕಿವಿಗಿಟ್ಟು ಗೊತ್ತಿಲ್ಲ. ಅಂಗೈ ಮೇಲೆ ತಟ್ಟೆಯ ಹಾಗೆ ಹಿಡಿದು, ಸ್ಪೀಕರ್ ಹಾಕಿ, ಇಡೀ ಬೀದಿಗೆ ಕೇಳುವಂತೆ ಮಾತಾಡುವುದೇ ಪದ್ಧತಿ.

ಮೋಹನ್‌ಕುಮಾರ್: ನಮಸ್ಕಾರ ಸಾರ್! ನಿಮ್ಮ ಗ್ರಂಥದ ಗುಂಗಲ್ಲೇ ಇದೀನಿ. ಎರಡು ಸಲ ಓದಿದೆ. ಕೊನೆಯಲ್ಲಂತೂ ಕಣ್ಣಲ್ಲಿ ನೀರು ಬಂತು ಸಾರ್.

ರಾಮಾನುಜ: ಕೊನೆಯಲ್ಲಾ?

ಮೋಹನ್‌ಕುಮಾರ್: ಕೊನೆಯ ನಾಲ್ಕು ಪುಟ ಸಾರ್. ಓದೋಕೇ ಆಗಲಿಲ್ಲ.

ರಾಮಾನುಜ: ಕೊನೆಯ ನಾಲ್ಕು ಪುಟ ಊರುಗಳ ಅಕಾರಾದಿ ಪಟ್ಟಿ ಕಣಯ್ಯ.

ಮೋಹನ್‌ಕುಮಾರ್: ...ನಮ್ಮೂರ ಹೆಸರು ನೋಡಿ ಸಾರ್.

ರಾಮಾನುಜ: ಸರಿ, ಆ ಫೈಲು ಈಗಲೇ ವಾಪಸ್ ಕಳಿಸು. ತುರ್ತು.

ಮೋಹನ್‌ಕುಮಾರ್: ಫೈಲಾ? ಸಾಹೇಬ್ರು ಕರೀತಿದಾರೆ ಸಾರ್, ಆಮೇಲೆ...

ಫೋನ್ ಕಟ್ಟಾಯಿತು. ರಾಜಶೇಖರ ನಗು ನುಂಗಿ ಕೈ ಚಾಚಿದ.

ರಾಜಶೇಖರ್: ಅವರನ್ನೆಲ್ಲ ಯಾಕೆ ಕೇಳ್ತೀರಿ ಸಾರ್? ನೀವು ಕಳಿಸಿದ ಮೇಲ್ ನಿಮ್ಮ ಫೋನಲ್ಲೇ ಇರುತ್ತೆ. ಕೊಡಿ, ಅದರಿಂದಲೇ ತೆಗೀತೀನಿ.

ಮೇಷ್ಟ್ರು ಕೊಟ್ಟರು. ರಾಜಶೇಖರ ಬೆರಳಾಡಿಸಿದ. ಮೇಲೆ ಹೋದ, ಕೆಳಗೆ ಬಂದ, ಮತ್ತೆ ಮೇಲೆ ಹೋದ.

ರಾಜಶೇಖರ್: ಸಾರ್... ‘ಇದರೊಂದಿಗೆ ನನ್ನ ಗ್ರಂಥವನ್ನು ಲಗತ್ತಿಸಿದ್ದೇನೆ’ ಅಂತ ಬರೆದಿದೀರಿ. ಲಗತ್ತಿಸಿಲ್ಲ.

ರಾಮಾನುಜ: ಅಂದ್ರೆ?

ರಾಜಶೇಖರ್: ಬರೀ ಕಾಗದ ಹೋಗಿದೆ ಸಾರ್. ಪುಸ್ತಕ ಹೋಗಿಲ್ಲ. ಇಪ್ಪತ್ತಮೂರು ಜನಕ್ಕೂ.

ಶ್ರೀರಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಶ್ರೀರಂಗಮ್ಮ: ಆ ಹದಿನೇಳು ಉತ್ತರ ಏನಪ್ಪಾ ಹಾಗಾದ್ರೆ? ಓದು, ಓದು.

ರಾಜಶೇಖರ್: ‘ಪ್ರತಿಯೊಂದು ಪುಟವೂ ರಸಗವಳ.’ ‘ಶೈಲಿ ನದಿಯಂತೆ ಹರಿದಿದೆ.’ ‘ಇನ್ನೂ ದೀರ್ಘವಾಗಿರಬೇಕಿತ್ತು ಎನಿಸಿತು.’

ಶ್ರೀರಂಗಮ್ಮ: ಅದೊಂದು ನಿಜ! ನೋಡಿ, ನಿಮ್ಮ ಶಿಷ್ಯರು, ನಿಮ್ಮ ಸ್ನೇಹಿತರು. ನಮ್ಮ ಕಡೆಯವರು ಒಬ್ಬರಾದರೂ ಹೀಗೆ...

ರಾಜಶೇಖರ್: ‘ರಾತ್ರಿಯೆಲ್ಲಾ ನಿದ್ದೆಗೆಟ್ಟು ಒಂದೇ ಉಸಿರಿಗೆ ಓದಿ ಮುಗಿಸಿದೆ ಭಾವ. ಚಿತ್ರಗಳಂತೂ ಅದ್ಭುತ. ಅಚ್ಯುತ.’

ರಾಮಾನುಜ: ನಿನ್ನ ತಮ್ಮ. ನನ್ನ ಗ್ರಂಥದಲ್ಲಿ ಒಂದೇ ಒಂದು ಚಿತ್ರ ಇಲ್ಲ.

ಶ್ರೀರಂಗಮ್ಮ: ಪಾಪ, ನಿದ್ದೆಗೆಟ್ಟಿದಾನಲ್ಲ. ಕನಸಲ್ಲಿ ಕಂಡಿರಬೇಕು.

ಮೇಷ್ಟ್ರು ನಗಲಿಲ್ಲ. ಸ್ಟೂಲಿನ ಮೇಲೆ ಕುಕ್ಕರಿಸಿದರು. ಡಿಸ್ಕ್ ಸತ್ತರೆ ಸಾಯಲಿ, ಯಂತ್ರಕ್ಕೆ ವಯಸ್ಸಾಗುತ್ತದೆ. ಆದರೆ ಆ ಹದಿನೇಳು ಉತ್ತರಗಳನ್ನು ಅವರು ಏಳು ತಿಂಗಳು ದಿನಕ್ಕೊಮ್ಮೆ ತೆಗೆದು ಓದಿಕೊಂಡಿದ್ದರು. ಎಂಟು ವರ್ಷ ಬರೆದದ್ದನ್ನು ಆ ಇಪ್ಪತ್ತಮೂರು ಜನರಲ್ಲಿ ಒಂದು ನರಪಿಳ್ಳೆಯೂ ಓದಿಲ್ಲ ಎಂಬುದು ಅವರ ಎದೆಗೆ ನೇರವಾಗಿ ನಾಟಿತು.

ರಾಮಾನುಜ: ನೀನಾದರೂ ಓದಿದೀಯೇನೇ?

ಶ್ರೀರಂಗಮ್ಮ: ಓದೋಕೆ ಬಿಟ್ಟರೆ ತಾನೆ? ಬರೆದ ಬರೆದ ಹಾಗೇ ಅಡುಗೆಮನೆ ಬಾಗಿಲಲ್ಲಿ ನಿಂತು ನೀವೇ ಓದ್ತಿದ್ರಲ್ಲ. ಎಂಟು ವರ್ಷದಲ್ಲಿ ಎಷ್ಟು ಒಗ್ಗರಣೆ ಸೀದಿದೆ, ಕೇಳಿ. ರೀ, ಹೀಗೆ ಮುಖ ಸಣ್ಣ ಮಾಡ್ಕೋಬೇಡಿ. ಕಾಗದದ ಮೇಲೆ ಒಂದು ಪ್ರತಿ ಇದೆಯಲ್ಲ.

ರಾಜಶೇಖರ್: ಕಾಗದದ ಮೇಲಿದ್ಯಾ? ಅಷ್ಟು ಸಾಕು ಸಾರ್! ನಾಲ್ಕು ಜನ ಕೂತು ಎರಡು ದಿನದಲ್ಲಿ ಟೈಪ್ ಮಾಡಿ ಬಿಸಾಕ್ತೀವಿ. ಎಲ್ಲಿದೆ?

ರಾಮಾನುಜ: ಬೇಡ.

ಶ್ರೀರಂಗಮ್ಮ: ಮಾದಿಹಳ್ಳಿ ಗಂಗಾಧರಪ್ಪನ ಹತ್ತಿರ.

ರಾಮಾನುಜ: ಬೇಡ ಅಂದೆ. ಗ್ರಂಥ ಹೋದರೂ ಚಿಂತೆಯಿಲ್ಲ, ಅವನ ಹತ್ತಿರ ಕೈಯೊಡ್ಡಲ್ಲ.

ಗಂಗಾಧರಪ್ಪ ತೆಂಗು, ರಾಗಿ ಬೆಳೆಯುವ ಮನುಷ್ಯ. ಮೇಷ್ಟ್ರ ಜೊತೆ ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವರು. ಫೋನಿನಲ್ಲಿ ಓದಲು ತನ್ನಿಂದಾಗದು, ಕಾಗದದಲ್ಲಿ ಕೊಡು ಎಂದು ಹಟ ಹಿಡಿದು ಅಚ್ಚು ಹಾಕಿಸಿಕೊಂಡು ಹೋಗಿದ್ದರು. ವಾರ ಕಳೆದು ಬಂದವರೇ, ‘ನಮ್ಮಜ್ಜೀ ವಿಷ್ಯ ಹಿಂಗಾ ಬರಿಯೋದು?’ ಎಂದು ಜಗಲಿಯಲ್ಲೇ ಕೂಗಾಡಿದ್ದರು. ‘ಚರಿತ್ರೆ ಅಂದರೆ ಚರಿತ್ರೆ, ಒಂದಕ್ಷರ ಬದಲಾಯಿಸಲ್ಲ’ ಎಂದು ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಅಂದಿನಿಂದ ಸಂತೆಯಲ್ಲಿ ಎದುರಾದರೂ ಒಬ್ಬರು ಬದನೆಕಾಯಿ ನೋಡುತ್ತಿದ್ದರು, ಇನ್ನೊಬ್ಬರು ಟೊಮೆಟೊ.

ಶ್ರೀರಂಗಮ್ಮ ಗಂಡನ ಫೋನ್ ತೆಗೆದುಕೊಂಡು, ನಂಬರ್ ಒತ್ತಿ, ಸ್ಪೀಕರ್ ಹಾಕಿ ಅವರ ಅಂಗೈ ಮೇಲೆ ಇಟ್ಟುಬಿಟ್ಟರು.

ಗಂಗಾಧರಪ್ಪ: ಯಾರು?

ರಾಮಾನುಜ: ನಾನು... ರಾಮಾನುಜ.

ಗಂಗಾಧರಪ್ಪ: ಯಾವ ರಾಮಾನುಜ? ವೀರಗಲ್ಲಿನ ಮ್ಯಾಲೆ ನಮ್ಮಜ್ಜೀ ಕೈಲಿ ಬಟ್ಟೆ ಒಗೆಸಿದ್ರಲ್ಲ, ಆ ಮೇಷ್ಟ್ರಾ?

ರಾಮಾನುಜ: ಅದೇ... ನಿಮ್ಮ ಹತ್ತಿರ ನನ್ನದೊಂದು ಪ್ರತಿ ಇತ್ತು. ಒಲೆಗೆ ಹಾಕಿರಬೇಕು ಅಲ್ವೇ?

ಗಂಗಾಧರಪ್ಪ: ಒಲೆಗ್ಯಾಕೆ ಹಾಕ್ಲಿ? ಎರಡು ಸಲ ಓದಿವ್ನಿ. ಒಂದ್ಸಲ ಸಿಟ್ಟಿಗೆ, ಇನ್ನೊಂದ್ಸಲ ತಪ್ಪು ಹುಡುಕಾಕೆ. ನಲವತ್ತೊಂದು ತಪ್ಪು ಐತೆ.

ರಾಮಾನುಜ: ನಲವತ್ತೊಂದಾ? ನನ್ನ ಗ್ರಂಥದಲ್ಲಾ?

ಗಂಗಾಧರಪ್ಪ: ಕೆಂಪು ಪೆನ್ನಲ್ಲಿ ಗೀಚಿಟ್ಟಿವ್ನಿ. ನಿಮ್ಮಿಂದ್ಲೇ ಕಲ್ತಿದ್ದು. ಮೂವತ್ತನೇ ಪುಟ ನೋಡಿ. ಕೆರೆ ತೂಬು ಪೂರ್ವಕ್ಕೆ ಅಂತ ಬರ್ದಿದೀರಾ. ಅದೇ ತೂಬಿಂದ ನಲವತ್ತು ವರ್ಷ ಗದ್ದೆಗೆ ನೀರು ಕಟ್ಟಿವ್ನಿ. ಅದು ಇರೋದು ಪಶ್ಚಿಮಕ್ಕೆ.

ರಾಮಾನುಜ: ಪೂರ್ವ ಕಣೋ! ನಾನೇ ಬೆಳಿಗ್ಗೆ ಸೂರ್ಯನ ಕಡೆ ನಿಂತು... ಹೋದದ್ದು ಸಾಯಂಕಾಲ ಅಲ್ವಾ.

ಗಂಗಾಧರಪ್ಪ: ಸಾಯಂಕಾಲ ಕಣ್ಲಾ! ನಾನೇ ಕರ್ಕೊಂಡೋಗಿದ್ದು.

‘ನೀವು’ ಎಲ್ಲಿ ಬಿದ್ದುಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಮೇಷ್ಟ್ರು ಸ್ಟೂಲಿನಿಂದ ಎದ್ದು ನಿಂತಿದ್ದರು.

ರಾಮಾನುಜ: ಆ ಪ್ರತಿ ನನಗೆ ಬೇಕು ಕಣೋ ಗಂಗಾಧರ. ಇಲ್ಲಿ ಎಲ್ಲ ಅಳಿಸಿ ಹೋಗಿದೆ. ನಿಮ್ಮಜ್ಜಿ ವಿಷಯ ಬೇಕಾದರೆ ತೆಗೆದುಹಾಕ್ತೀನಿ.

ಗಂಗಾಧರಪ್ಪ: ತೆಗೀ ಅಂತ ಯಾರ್ಲಾ ಅಂದಿದ್ದು? ಪೂರ್ತಿ ಕೇಳದೇನೆ ಬಾಗ್ಲು ಹಾಕ್ಕಂಡೆ ನೀನು. ಎಂಬತ್ತೇಳನೇ ಪುಟದಾಗೆ ‘ಈ ಕಲ್ಲಿನ ಮೇಲೆ ಓರ್ವ ಮುದುಕಿ ಬಟ್ಟೆ ಒಗೆಯುತ್ತಿದ್ದಳು’ ಅಂತ ಬರ್ದಿದೀಯ. ಓರ್ವ ಮುದುಕಿ! ಅವ್ಳಿಗೊಂದು ಹೆಸ್ರಿರ್ಲಿಲ್ವಾ? ಮುನಿಯಮ್ಮ ಅಂತ ಹಾಕು. ಇಸ್ಕೂಲು ಬಿಟ್ಮೇಲೆ ನಮ್ಮ ಹಿತ್ಲಲ್ಲಿ ಕೂರಿಸ್ಕಂಡು ನಿಂಗೆ ರಾಗಿ ರೊಟ್ಟಿ ಕೊಟ್ಟವ್ಳು ಅವ್ಳು. ಈರುಳ್ಳಿ ಹೆಚ್ಚಾಕಿ ಮಾಡ್ಸಿಕೊಂಡು ತಿಂತಿದ್ದೆ.

ಶ್ರೀರಂಗಮ್ಮ: ಈರುಳ್ಳಿಯಾ?

ನಲವತ್ತು ವರ್ಷದಿಂದ ಅವರ ಮನೆಯ ಹೊಸ್ತಿಲನ್ನು ಈರುಳ್ಳಿ ದಾಟಿರಲಿಲ್ಲ. ಮೇಷ್ಟ್ರು ಹೆಂಡತಿಯ ಕಡೆಗೆ ಬೆನ್ನು ತಿರುಗಿಸಿದರು.

ರಾಮಾನುಜ: ಹೆಸರು ಖಂಡಿತ ಹಾಕ್ತೀನಿ ಕಣೋ. ರೊಟ್ಟಿ ವಿಷಯ ಬೇಡ.

ಗಂಗಾಧರಪ್ಪ: ಯಾಕೆ ಬ್ಯಾಡ? ಚರಿತ್ರೆ ಅಂದ್ರೆ ಚರಿತ್ರೆ!

ಅಷ್ಟರಲ್ಲಿ ಟಕ್ ಟಕ್ ನಿಂತು ಸಣ್ಣಗೆ ಗುಂಯ್ ಎಂಬ ಸದ್ದು ಶುರುವಾಯಿತು. ರಾಜಶೇಖರ ಪರದೆಯ ಮೇಲೆ ಬಾಗಿದ. ಗಬಕ್ಕನೆ ಏನೋ ಒತ್ತಿದ. ಅರ್ಧ ನಿಮಿಷದಲ್ಲಿ ಪೆನ್‌ಡ್ರೈವ್ ಕಿತ್ತು ಎತ್ತಿ ಹಿಡಿದ.

ರಾಜಶೇಖರ್: ಸಾರ್! ಎದ್ದಿತು ಸಾರ್! ಪುಸ್ತಕ ಪೂರ್ತಿ ಸಿಕ್ತು...

ರಾಮಾನುಜ: ಶ್! ಮೆತ್ತಗೆ!

ಗಂಗಾಧರಪ್ಪ: ಏನಂತೆ ಅಲ್ಲಿ? ಸರಿ ಹೋಯ್ತಂತಾ?

ಮೇಷ್ಟ್ರು ಪೆನ್‌ಡ್ರೈವ್ ನೋಡಿದರು. ಹೆಂಡತಿಯನ್ನು ನೋಡಿದರು. ಫೋನನ್ನು ಬಾಯಿಯ ಹತ್ತಿರ ತಂದರು.

ರಾಮಾನುಜ: ಇಲ್ಲ ಕಣೋ. ಪೂರ್ತಿ ಹೋಯ್ತಂತೆ. ಇನ್ನು ನೀನೇ ಗತಿ.

ಗಂಗಾಧರಪ್ಪ: ಹಂಗಂದ್ರೆ ಅಲ್ಲೇ ಇರು, ನಾಕು ಗಂಟೆ ಬಸ್ಸಿಗೆ ನಾನೇ ತಗಂಡು ಬತ್ತೀನಿ. ಆ ತೂಬಿನ ವಿಷ್ಯ ಎದುರೆದುರೇ ಇತ್ಯರ್ಥ ಆಗ್ಬೇಕು.

ಫೋನ್ ಇಟ್ಟಾಯಿತು. ಹಿಂದೆಯೇ ಡಿಸ್ಕ್ ಒಮ್ಮೆ ಕೊರ್ ಎಂದು ಸುಮ್ಮನಾಯಿತು. ಮತ್ತೆ ಏಳಲಿಲ್ಲ.

ಶ್ರೀರಂಗಮ್ಮ: ಈ ವಯಸ್ಸಲ್ಲಿ ಸುಳ್ಳು ಹೇಳೋದು ಕಲಿತ್ರಾ? ಗ್ರಂಥ ಕೈಲೇ ಇದೆಯಲ್ಲ, ಅವರನ್ನ ಅಷ್ಟು ದೂರದಿಂದ ಯಾಕೆ ಓಡಿಸ್ತೀರಿ?

ರಾಮಾನುಜ: ಈ ಪೆನ್‌ಡ್ರೈವಲ್ಲಿ ಗ್ರಂಥ ಮಾತ್ರ ಇದೆ ಕಣೇ. ಅದನ್ನ ಓದಿದವನು ಅವನೊಬ್ಬನೇ.

ಶ್ರೀರಂಗಮ್ಮ ಅಂಗಡಿಯ ಬಾಗಿಲ ಕಡೆ ತಿರುಗಿ ಕಣ್ಣಿಗೆ ಧೂಳು ಬಿತ್ತೆಂಬಂತೆ ಒರೆಸಿಕೊಂಡರು. ಮೇಷ್ಟ್ರು ಪೆನ್‌ಡ್ರೈವನ್ನು ಅವರ ಮುಂದೆ ಹಿಡಿದರು.

ರಾಮಾನುಜ: ನಿನ್ನ ಚೀಲದಲ್ಲಿ ಕುಂಕುಮ ಇದ್ದರೆ... ಒಂದು ಬೊಟ್ಟು ಇಡು.

ಶ್ರೀರಂಗಮ್ಮ: ಇಡ್ತೀನಿ. ಈರುಳ್ಳಿ ವಿಷಯ ಮಾತ್ರ ಬಸ್ಸಲ್ಲಿ ಮಾತಾಡೋಣ.

ರಾಜಶೇಖರ್: ಅಮ್ಮಾ, ಅಮ್ಮಾ! ಮುಚ್ಚಳದ ಮೇಲೆ ಮಾತ್ರ!