ಮಾವನ ಕೆರೆಯ ಬಸುರಿ ಏಡಿಗಳು

ನಮ್ಮ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲಿ, ಒಬ್ಬರಿಗೆ ಕಷ್ಟ ಬಂತು ಅಂದರೆ, ಅದರ ಬೆನ್ನಿಗೇ ಉಳಿದವರಿಗೆ ನಗು ತರಿಸುವಂಥದ್ದೂ ಏನಾದರೊಂದು ನಡೆದೇ ನಡೆಯುತ್ತದೆ. ಬೇಡ ಅಂದರೂ ಬಿಡುವುದಿಲ್ಲ. ಉಳಿದವರು ಆ ನಗುವನ್ನು ನುಂಗಿಕೊಳ್ಳುತ್ತಾರೆ, ನನಗೆ ಆಗುವುದಿಲ್ಲ. ಅದಕ್ಕೇ ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಶಾಲೆಯವರು ನನ್ನನ್ನು ಬಿಟ್ಟರು, ನಾನೂ ಅವರನ್ನು ಬಿಟ್ಟೆ. ಆಮೇಲೆ ಮಾವನ ಜೊತೆ ಕೆರೆ ನೋಡಿಕೊಳ್ಳಲಿಕ್ಕೆ ಸೇರಿಕೊಂಡೆ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ತೋಟಕ್ಕೆ ನೆರಳು ಕೊಡುವ ಸಿಲ್ವರ್ ಮರ ಹತ್ತಿ ಕೊಂಬೆ ಕಡಿಯುವಾಗ ಬಿದ್ದು ಒಂದು ಕಾಲು ಸೊಟ್ಟ ಆಯಿತು. ಕೋಲು ಹಿಡಿದು ನಡೆಯುವವನಿಗೆ ಕಾಫಿ ತೋಟದಲ್ಲಿ ಎಂತ ಕೆಲಸ? ಕೆಲಸ ಇಲ್ಲದವನಿಗೆ ಲೈನಿನಲ್ಲಿ ಮನೆಯೂ ಇಲ್ಲ. ತೋಟದ ಸಾಹುಕಾರ್ರು ಮನಸ್ಸು ಮಾಡಿ, "ಕೆರೇಲಿ ಮೀನು ಸಾಕು, ಆಲ್ದೂರು ಸಂತೇಲಿ ಮಾರ್ಕೋ. ಲೈನಿನ ಮನೇಲೇ ಇರು. ಬೇಸಿಗೇಲಿ ಕಾಫಿ ಹೂವು ಅರಳೋಕೆ ಗಿಡಕ್ಕೆ ಹೊಡೆಯೋ ನೀರೊಂದು ಕಡಿಮೆ ಆಗಬಾರದು ನೋಡು" ಅಂದರು. ಹಾಗಾಗಿ ಮಾವನ ಅನ್ನ, ಸೂರು, ಮರ್ಯಾದೆ ಎಲ್ಲಾ ಆ ಕೆರೆಯಲ್ಲೇ ಇತ್ತು. ಅದೇ ಕೆರೆಗೆ ಏಡಿ ಬಂದಿದ್ದು.

ರೈಟರ್ ಸಾರಿನ ದಯೆ

ಸಾಹುಕಾರ್ರ ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನಿದ್ದವು. ಅದಕ್ಕೆ ಜೊತೆಯಾಗಲಿ ಅಂತ ಪೇಟೆಯಿಂದ ಒಂದು ನೀಲಿ ಜಂತು ತಂದರು. ಮುಂದೆ ಏಡಿಯ ಇಕ್ಕಳದಂಥ ಕೊಂಬು, ಹಿಂದೆ ಸೀಗಡಿಯ ಬಾಲ. ಅಂಗಡಿಯವನು ಫಾರಿನ್ ಏಡಿ ಅಂದಿದ್ದನಂತೆ. ಅದು ಜೊತೆಯಾಗಲಿಲ್ಲ, ಊಟಕ್ಕೆ ಕೂತಿತು. ತೊಟ್ಟಿಯಲ್ಲಿ ಮೀನು ಮುಗಿದ ಮೇಲೆ ಸಾಹುಕಾರ್ರು ರೈಟರ್ ಸಾರಿಗೆ, "ಇದನ್ನ ಕೊಂದು ಎಸೀರಿ" ಅಂದರು.

ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಸಾರು ಸೊಳ್ಳೆ ಕಚ್ಚಿದರೂ ಊದಿ ಕಳಿಸುವ ಮನುಷ್ಯ. "ಪಾಪ, ನೀರಿಂದು ನೀರಿಗೇ ಹೋಗ್ಲಿ" ಅಂತ ಕೆರೆಯ ಮೆಟ್ಟಿಲಲ್ಲಿ ಕೂತು ಮೆಲ್ಲಗೆ ಬಿಟ್ಟರು. ಬಾಲದ ಅಡಿಯಲ್ಲಿ ಮೊಟ್ಟೆ ಕಚ್ಚಿಕೊಂಡಿದ್ದು ಅವರಿಗೆ ಕಾಣಲಿಲ್ಲ. ಕಂಡಿದ್ದರೆ ಇನ್ನೂ ಮೆಲ್ಲಗೆ ಬಿಡುತ್ತಿದ್ದರು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಮಾವನ ಬಲೆ ಎತ್ತಿದರೆ ಮೀನಿಗಿಂತ ತೂತೇ ಜಾಸ್ತಿ. ಬಿಟ್ಟ ಕಾಟ್ಲಾ ಮೀನಿನ ಮರಿಗಳು ಮಾಯ. ಬಲೆಯ ಮೂಲೆಯಲ್ಲಿ ಏಳೆಂಟು ಫಾರಿನ್ನಿನವು ಕೊಂಬೆತ್ತಿ ನಮ್ಮನ್ನೇ ಹೆದರಿಸುತ್ತಿದ್ದವು. ತೋಟದ ಮೇಸ್ತ್ರಿ ನೋಡಿ, "ಇದೆಂತ ಮಾರಾಯ, ಇಷ್ಟು ಸಣ್ಣದಕ್ಕೆ ಹೆದರ್ತೀರಾ" ಅಂತ ನಕ್ಕರು. ನಾನು ಅದರಲ್ಲೊಂದನ್ನು ಅವರ ಗಂಬೂಟಿನೊಳಗೆ ಇಳಿಸಿದೆ, ಪರಿಚಯ ಆಗಲಿ ಅಂತ.

ಮೇಸ್ತ್ರಿ ಕೆರೆ ಪಕ್ಕದ ಕಾಫಿ ಒಣಗಿಸುವ ಕಣದ ಈ ತುದಿಯಿಂದ ಆ ತುದಿವರೆಗೆ ಒಂಟಿ ಕಾಲಲ್ಲಿ ಹೋದರು. ಬಲೆ ಹಿಡಿದು ಅಳುವ ಮುಖದಲ್ಲಿ ಕೂತಿದ್ದ ಮಾವ ತಲೆ ಎತ್ತಿ ಕೇಳಿದ: "ನಿಮಗೂ ಒಂದು ಕೋಲು ಕಡೀಲಾ ಮೇಸ್ತ್ರಿ?"

ಮೀನು ಸಾರಿನ ಪಾಠ

ಮಾವ ಫೋನಿನ ಮೇಲೆ ಫೋನು ಮಾಡಿದ ಮೇಲೆ ಮೀನುಗಾರಿಕೆ ಇಲಾಖೆಯಿಂದ ಒಬ್ಬ ಸಾರು ಬಂದರು, ನಮ್ಮ ಬಾಯಲ್ಲಿ ಮೀನು ಸಾರು. ಭಾನುವಾರ, ಲೈನಿನವರೆಲ್ಲ ಕೆರೆ ಏರಿಯ ಮೇಲೆ ಸೇರಿದ್ದರು. ಸಾರು ಒಂದು ಏಡಿಯನ್ನು ಬೆನ್ನಿಗೆ ಹಿಡಿದು, ಹೊಟ್ಟೆ ಮೇಲೆ ಮಾಡಿ, ಬಾಲ ಬಿಡಿಸಿ ತೋರಿಸಿದರು. ಒಳಗೆ ಕಾಳುಮೆಣಸು ಸುರಿದ ಹಾಗೆ ಮೊಟ್ಟೆ.

"ಒಂದು ತಾಯಿ ನೂರಾರು ಮೊಟ್ಟೆ ಹೊರ್ತದೆ. ಮರಿಯಾಗಿ ನಡೆಯೋ ತನಕ ಬಾಲದಡೀಲೇ ಇಟ್ಕೊಂಡಿರ್ತದೆ. ಅದಕ್ಕೇ ಮರಿ ಸಾಯೋದು ಕಡಿಮೆ. ನಿಮ್ಮ ಮೀನಿನ ಮೊಟ್ಟೆ, ಮರಿ ಎಲ್ಲಾ ಇದರ ಊಟ. ಏರಿಗೂ ತೂತು ಕೊರೀತದೆ. ಬೋನಿಟ್ಟು ಹಿಡೀತಾ ಇರಿ, ದೊಡ್ಡದು ಸಣ್ಣದು ಅಂತ ನೋಡಬೇಡಿ. ಮೊಟ್ಟೆ ಇರೋ ಹೆಣ್ಣನ್ನ ಮಾತ್ರ ಒಂದನ್ನೂ ಬಿಡಬಾರದು. ಜೀವಂತ ಬೇರೆ ನೀರಿಗೂ ಹಾಕಬಾರದು. ಇಷ್ಟಾದ್ರೂ ಬಗ್ಗದಿದ್ರೆ ಕೆರೆ ಒಣಗಿಸಿ ಸುಣ್ಣ ಹೊಡೀಬೇಕಾಗ್ತದೆ."

ಒಣಗಿಸೋದು ಅಂದ ಕೂಡಲೆ ಮಾವ ನೆಲ ನೋಡಿದ.

ಲೈನಿಗೆಲ್ಲ ಹಿರಿಯಳಾದ ಅಜ್ಜಿ ಒಬ್ಬಳಿದ್ದಾಳೆ. ನಮ್ಮೆಲ್ಲರ ಹೆರಿಗೆ ಮಾಡಿಸಿದವಳು. ಅವಳು ಮುಂದೆ ಬಂದು ಕೇಳಿದಳು: "ಅಲ್ಲ ಸಾರ್, ಮೊಟ್ಟೆ ಹೊರೋದು ಅವಳು, ಮರಿ ಸಾಕೋದು ಅವಳು. ಗಂಡು ಎಂತ ಮಾಡ್ತದೆ?"

"ಎಂತದೂ ಇಲ್ಲ ಅಜ್ಜಿ. ಅದರ ಕೆಲಸ ಆದ್ಮೇಲೆ ಅದರ ಪಾಡಿಗೆ ಹೋಗ್ತದೆ. ಆಮೇಲೆ ಬೇರೆ ಗಂಡಿನ ಜೊತೆ ಜಗಳ ಆಡ್ಕೊಂಡು ಬಿದ್ದಿರ್ತದೆ."

ಹೆಂಗಸರೆಲ್ಲ ಒಟ್ಟಿಗೆ ಹಿಂದೆ ತಿರುಗಿ, ಬೀಡಿ ಸೇದುತ್ತಾ ಕೂತಿದ್ದ ತಮ್ಮ ತಮ್ಮ ಗಂಡಂದಿರನ್ನು ನೋಡಿದರು. ಅಜ್ಜಿ ಅಂದಳು, "ಹಾಗಾದ್ರೆ ಇದು ಫಾರಿನ್ನಿಂದಲ್ಲ ಸಾರ್. ನಮ್ಮ ಲೈನಿಂದೇ."

ಬೈದು ಕಳಿಸಿದ್ದು

ಆ ಭಾನುವಾರದಿಂದ ಲೈನಿಗೆ ಲೈನೇ ಏಡಿ ಹಿಡಿಯಲಿಕ್ಕೆ ನಿಂತಿತು. ಮಾವನ ಮೇಲೆ ಎಲ್ಲರಿಗೂ ಕನಿಕರ, ಏಡಿ ಸಾರಿನ ಮೇಲೆ ಆಸೆ ಅದಕ್ಕಿಂತ ಜಾಸ್ತಿ. ಕೋಳಿ ಕರುಳು ಕಟ್ಟಿದ ಬೋನು, ಹರಿದ ಸೊಳ್ಳೆ ಪರದೆ, ಕಾಫಿ ಕುಯ್ಯುವ ಬುಟ್ಟಿ, ಏನು ಸಿಕ್ಕಿದರೆ ಅದು. ಬಕೆಟ್ಟುಗಟ್ಟಲೆ ಹಿಡಿದೆವು. ಹಿಡಿದಷ್ಟೂ ಹೆಚ್ಚಾದವು. ಕಾಫಿ ಕುಯ್ಲು ಅರ್ಧ ಮುಗಿಯುವ ಹೊತ್ತಿಗೆ ಏರಿಯ ಹೊರಮೈಯಲ್ಲಿ ಒಸರು ಕಾಣಿಸಿತು. ಸಾಹುಕಾರ್ರು ಬಂದು ಒದ್ದೆ ಮಣ್ಣು ಮುಟ್ಟಿ ನೋಡಿ, "ಹೂವಿನ ನೀರಿಗೆ ಏನಾದ್ರೂ ಆದ್ರೆ ನಾನು ಕೆರೆ ಬೇರೆ ಯಾರಿಗಾದ್ರೂ ಕೊಡ್ತೀನಪ್ಪ" ಅಂದರು. ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಮಾವ ರಾತ್ರಿ ಊಟವಾದರೂ ಮಾಡುತ್ತಿದ್ದ.

ನನಗೆ ಒಂದು ಅನುಮಾನ ಹತ್ತಿತು. ಬಕೆಟ್ಟಿನಲ್ಲಿ ಬರುವುದೆಲ್ಲ ಗಂಡೇ ಯಾಕೆ?

ಒಂದು ಸಂಜೆ ಆಚೆ ದಡದ ಲಂಟಾನ ಪೊದೆಯ ಹಿಂದೆ ಕೂತು ನೋಡಿದೆ. ಅಜ್ಜಿ ಬೋನು ಎತ್ತಿದಳು. ಒಂದೊಂದೇ ಏಡಿ ತಿರುಗಿಸಿ ಬಾಲ ನೋಡಿದಳು. ಗಂಡು ಬಕೆಟ್ಟಿಗೆ. ಮೊಟ್ಟೆ ಇದ್ದದ್ದನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ. ಪಕ್ಕದ ಬೋನಿನವನೂ ಹಾಗೇ, ಅದರಾಚೆಯವನೂ ಹಾಗೇ.

ನಮ್ಮಲ್ಲಿ ಮೊದಲಿಂದ ಹಾಗೇ. ಮಳೆಗಾಲದಲ್ಲಿ ಗದ್ದೆಗೆ, ಹಳ್ಳಕ್ಕೆ ಏಡಿ ಹಿಡಿಯಲು ಹೋದರೆ, ಹೊಟ್ಟೆಯಡಿ ಮರಿ ಇರುವ ತಾಯಿ ಏಡಿಯನ್ನು ಯಾರೂ ತರುವುದಿಲ್ಲ. ಅಂಥ ಬಾಣಂತಿ ಏಡಿಯನ್ನು ಕೊಂದವರ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಅಂತ ಹೆದರಿಕೆ. ಮೀನು ಸಾರು ಹೇಳಿದ್ದನ್ನು ಎಲ್ಲರೂ ಕೇಳಿದ್ದರು, ತಲೆ ಅಲ್ಲಾಡಿಸಿದ್ದರು. ಕೈ ಮಾತ್ರ ಕೇಳಿರಲಿಲ್ಲ.

ನಾನು ಮಾವನನ್ನು ಕರೆದುಕೊಂಡು ಬಂದೆ. ಮಾವ ಕೋಲು ಊರಿ ನಿಂತು, "ಎಂತ ಅಜ್ಜಿ, ನನ್ನ ಹೊಟ್ಟೆಗೆ ಹೊಡೀತಿದ್ದೀಯಲ್ಲ" ಅಂದ.

ಅಜ್ಜಿಗೆ ನಾಚಿಕೆಯಾಯಿತು. "ಸುಮ್ನೆ ಬಿಡಲಿಲ್ಲ ಕಣಪ್ಪ. ಬೈದೇ ಬಿಟ್ಟಿದ್ದು. ಇನ್ನೊಂದ್ಸಲ ಈ ಕಡೆ ತಲೆ ಹಾಕಬೇಡ ಅಂತ."

ಪಾಪದ ಹಂಚಿಕೆ

ಮನೆಗೆ ಹೋಗುವ ದಾರಿಯಲ್ಲಿ ಮಾವ ಮೆಲ್ಲಗೆ, "ನಾನೂ ಬಿಟ್ಟಿದೀನಿ ಕಣೋ. ಸುಮಾರು" ಅಂದ. ಮದುವೆಯಾಗಿ ವರ್ಷಗಳಾದರೂ ಅವನ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಅದಕ್ಕೆ ನಾನೂ ನಗಲಿಲ್ಲ.

ಮರುದಿನ ಲೈನಿನ ಜಗಲಿಯಲ್ಲಿ ಮೀಟಿಂಗ್ ಆಯಿತು. ಬಸುರಿಗಳನ್ನು ಕೊಲ್ಲಲೇಬೇಕು, ಇಲ್ಲದಿದ್ದರೆ ಮಾವ ಗಂಟುಮೂಟೆ ಕಟ್ಟಬೇಕು. ಆದರೆ ಕೊಲ್ಲುವವರು ಯಾರು? ಮೇಸ್ತ್ರಿಯ ಮಗಳು ಬಸುರಿ, ಅವರು ಬೇಡ. ಹೊಸದಾಗಿ ಮದುವೆಯಾದವರು ಬೇಡ. ಮಕ್ಕಳಿರುವವರು ಬೇಡ, ಮಕ್ಕಳು ಬೇಕಾದವರು ಬೇಡವೇ ಬೇಡ. ಹೀಗೆ ಒಬ್ಬೊಬ್ಬರೇ ತಪ್ಪಿಸಿಕೊಂಡು ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ನಿಂತಿತು.

"ಇವನೇ ಆಗಬಹುದು" ಅಂದರು ಮೇಸ್ತ್ರಿ, ಗಂಬೂಟು ಸರಿಮಾಡಿಕೊಳ್ಳುತ್ತಾ. "ಇವನಿಗೆ ಹೇಗೂ ಯಾರೂ ಹೆಣ್ಣು ಕೊಡೋದಿಲ್ಲ."

ಒಲೆ ಹೂಡಿ, ಭತ್ತ ಬೇಯಿಸುವ ಹಂಡೆಯಲ್ಲಿ ನೀರು ಕುದಿಸಿದರು. ಬಸುರಿಗಳನ್ನು ಬುಟ್ಟಿಯಿಂದ ನಾನೇ ಸುರಿಯಬೇಕು. ಉಳಿದವರೆಲ್ಲ ಮುಖ ಆಚೆ ತಿರುಗಿಸಿ ನಿಂತರು. ಬಿಸಿ ತಾಗಿದ ಕೂಡಲೆ ಅವು ಬಾಲ ಬಿಗಿಯಾಗಿ ಮಡಚಿಕೊಂಡವು, ಮೊಟ್ಟೆಗೆ ತಾಗದಿರಲಿ ಅನ್ನುವ ಹಾಗೆ. ಹೇಳಲು ಯಾವ ತಮಾಷೆಯೂ ನನ್ನ ಬಾಯಿಗೆ ಬರಲಿಲ್ಲ. ನೀಲಿ ಇದ್ದದ್ದು ಕೆಂಪಾದ ಮೇಲೆ ಎಲ್ಲರೂ ಈಚೆ ತಿರುಗಿದರು, ತಟ್ಟೆ ಹಿಡಿದುಕೊಂಡು.

ಅವತ್ತು ನನಗೆ ಊಟ ಸೇರಲಿಲ್ಲ. ಪಾಪ ನನಗೆ, ಸಾರು ಅವರಿಗೆ.

ಬಿಸಿಲಲ್ಲಿ ಮಳೆ

ಹಂಡೆ ದಿನಾ ಕುದಿದರೂ ಹೊತ್ತು ಮೀರಿತ್ತು. ಕಾಫಿ ಗಿಡದಲ್ಲಿ ಮೊಗ್ಗು ನಿಂತಿತು, ಹೂವಿನ ನೀರು ಹೊಡೆಯುವ ದಿನ ಬಂತು. ಸಾಹುಕಾರ್ರು ಬಿಳಿ ಪಂಚೆ ಉಟ್ಟು ತಾವೇ ಬಂದರು. ರೈಟರ್ ಸಾರು ಪಂಪಿಗೆ ಕುಂಕುಮ ಹಚ್ಚಿ ಊದುಬತ್ತಿ ತಿರುಗಿಸಿದರು. ಡೀಸೆಲ್ ಪಂಪು ಗುಡುಗಿತು. ಪೈಪೆಲ್ಲಾ ಉಬ್ಬಿತು. ಸ್ಪ್ರಿಂಕ್ಲರ್ ಮಾತ್ರ ಒಂದು ಸಲ ಕೆಮ್ಮಿ ನಿಂತಿತು.

ಮೇಸ್ತ್ರಿ ಹತ್ತಿರ ಹೋಗಿ ಸ್ಪಾನರಿನಲ್ಲಿ ನಾಲ್ಕು ಬಿಗಿದರು. ಒಳಗೆ ಕಟ್ಟಿಕೊಂಡದ್ದು ಬಿಟ್ಟುಕೊಂಡಿತು. ನೀರಿನ ಜೊತೆ ಬೆರಳುಗುರಿನಷ್ಟು ಏಡಿ ಮರಿಗಳು ಆಕಾಶಕ್ಕೆ ಹಾರಿ, ಸುತ್ತಲೂ ಕಾಫಿ ಗಿಡದ ಮೇಲೆ ಪಟಪಟ ಉದುರಿದವು. ಕೆಲವು ಸತ್ತಿದ್ದವು. ಬದುಕಿದ್ದವು ಸಾಹುಕಾರ್ರ ಪಂಚೆ ಹತ್ತಲು ನೋಡಿದವು. ಮಾವ ಕೋಲು ಬಿಟ್ಟು ನೆಲದ ಮೇಲೇ ಕೂತುಬಿಟ್ಟ.

ಸಾಹುಕಾರ್ರು ಭುಜದ ಮೇಲಿನ ಮರಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು: "ರೈಟರೇ, ಇದನ್ನ ಕೊಂದು ಎಸೀರಿ ಅಂದಿದ್ನಲ್ಲ, ಎಲ್ಲಿ ಎಸೆದ್ರಿ?"

ರೈಟರ್ ಸಾರು ಕೈ ಮುಗಿದು, "ಹತ್ತಿರದಲ್ಲೇ ಸಾರ್" ಅಂದರು.

ಕೊನೆಯದು

ಕೆರೆ ಒಣಗಿಸಿದರು. ಇದ್ದ ನೀರನ್ನೆಲ್ಲ ಪೈಪಿನ ಬಾಯಿಗೆ ಪರದೆ ಕಟ್ಟಿ ತೋಟಕ್ಕೆ ಹೊಡೆದರು. ಮಾವನ ಮೀನು ಅಂತ ಕೆಸರಲ್ಲಿ ಸಿಕ್ಕಿದ್ದು ಬಾಲ ತುಂಡಾದ ಒಂದು ಮುದಿ ಕಾಟ್ಲಾ. ಉಳಿದದ್ದೆಲ್ಲ ಏಡಿ. ಮೀನು ಸಾರು ಹೇಳಿದ ಹಾಗೆ ಬಿಲಬಿಲಕ್ಕೂ ಸುಣ್ಣ ತುಂಬಿದೆವು. ಈ ಸಲ ಯಾರೂ ಬಾಲ ತಿರುಗಿಸಿ ನೋಡಲಿಲ್ಲ. ಅಜ್ಜಿಯೂ ಕಣ್ಣು ಮುಚ್ಚಿಕೊಂಡು ಸುಣ್ಣ ಎರಚಿದಳು. ತಳ ಬಿರಿದು ಬೆಳ್ಳಗಾಯಿತು. ಮಾವ ಮನೆಗೆ ಹೋಗಿ ಪಾತ್ರೆಗಳನ್ನು ಗೋಣಿಗೆ ಹಾಕತೊಡಗಿದ.

ಅಷ್ಟರಲ್ಲಿ ಸಾಹುಕಾರ್ರ ಜೀಪು ಲೈನಿನ ಮುಂದೆ ನಿಂತಿತು. ಅವರ ಹೋಂಸ್ಟೇಯಲ್ಲಿ ಉಳಿದಿದ್ದವರಿಗೆ, ಕೆರೆ ಒಣಗಿಸಿದ ದಿನ ಹಿಡಿದ ಏಡಿಯಲ್ಲೇ ಅಡುಗೆ ಮಾಡಿ ಹಾಕಿದ್ದರಂತೆ. ಬೆರಳು ಚೀಪಿ ಹೋದವರು, ಮುಂದಿನ ವಾರ ಇನ್ನೂ ಜನ ಕರೆತರುತ್ತೇವೆ, ಅದೇ ಬೇಕು ಅಂದಿದ್ದರಂತೆ.

"ಗೋಣಿ ಬಿಚ್ಚಪ್ಪ" ಅಂದರು ಸಾಹುಕಾರ್ರು. "ಕೆರೆ ನಿಂಗೇ. ಮನೇನೂ ಇರ್ಲಿ. ಆದ್ರೆ ಮೀನು ಬೇಡ, ಆ ಏಡಿ ಸಾಕು. ತಳಿಗೆ ಅಂತ ಒಂದಿಷ್ಟು ಇಟ್ಟಿದ್ದೀಯಲ್ಲ?"

ಮಾವ ನನ್ನ ಮುಖ ನೋಡಿದ, ಸುಣ್ಣ ಮೆತ್ತಿದ ತನ್ನ ಕೈ ನೋಡಿಕೊಂಡ.

"ಇಟ್ಟಿದೀನಿ ಸಾವ್ಕಾರ್ರೇ" ಅಂದ.

ಜೀಪು ತಿರುವು ದಾಟಿದ್ದೇ, ಲೈನಿನ ಜನವೆಲ್ಲ ಒಣ ಕೆರೆಗೆ ಇಳಿದರು. ಮೇಸ್ತ್ರಿ ಹಾರೆ ಹಿಡಿದರು. ರೈಟರ್ ಸಾರು ಪ್ಯಾಂಟು ಮಡಚಿ ಮೊಣಕಾಲೂರಿದರು. ತುಂಬಿದ ಸುಣ್ಣವನ್ನೆಲ್ಲ ಕೈಯಲ್ಲಿ ಬಗೆದು, ಬಿಲದಿಂದ ಬಿಲಕ್ಕೆ, ಬದುಕಿದ್ದದ್ದು ಒಂದಾದರೂ ಸಿಗಲಿ ಅಂತ ಹುಡುಕಿದೆವು. ಸಿಕ್ಕಿದ್ದೆಲ್ಲ ಚಿಪ್ಪು. ಹೊತ್ತು ಮುಳುಗುವಾಗ ಏರಿಯ ಬುಡದ ಒಂದು ಆಳದ ಬಿಲದಿಂದ ಮಾವ ಬೆಳ್ಳಗೆ ಪುಡಿ ಮೆತ್ತಿದ ಒಂದೇ ಒಂದು ಏಡಿ ಎಳೆದ. ಅದು ನಿಧಾನವಾಗಿ ಕೊಂಬೆತ್ತಿತು. ಮಾವ ಅದನ್ನು ಎರಡೂ ಕೈಯಲ್ಲಿ ತಂದು ಅಜ್ಜಿಯ ಮಡಿಲಿಗೆ ಹಾಕಿದ.

ಅಜ್ಜಿ ಸೆರಗಲ್ಲಿ ಸುಣ್ಣ ಒರೆಸಿ, ಹೊಟ್ಟೆ ಮೇಲೆ ಮಾಡಿ, ಬಾಲ ಬಿಡಿಸಿ, ಬಹಳ ಹೊತ್ತು ನೋಡಿದಳು.

"ಗಂಡು" ಅಂದಳು.