ರೈಟರ್ರ ಒಳಬಾಡಿಗೆ ಅರ್ಜಿ

ನನ್ನ ಮನೆಯಲ್ಲಿ ನಾನು ಇದ್ದೇನೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಅದು ನಮ್ಮ ಬಾಡಿಗೆದಾರರಿಗೆ ಸೇರಿದ್ದು. ಬೆಳಿಗ್ಗೆ ಏಳೂವರೆಗೆ ಅಂಗಳಕ್ಕೆ ಬಂದು ಮುಖ ತೋರಿಸಿದರೆ ನಾನು ಹಾಜರಿ. ತೋರಿಸದಿದ್ದರೆ, ನಾನು ಅಕ್ಕಿರೊಟ್ಟಿ ತಟ್ಟುವ ಸದ್ದು ಮೂಡಿಗೆರೆ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿದ್ದರೂ ಸರಿ, ನಾನು ಗೈರುಹಾಜರಿ! ಇಂಥ ಬಾಡಿಗೆದಾರರು ನಿಮಗೆ ಸಿಕ್ಕಿದ್ದಾರೆಯೇ? ಸಿಕ್ಕಿಲ್ಲವೆಂದರೆ ಹಿಂದಿನ ಜನ್ಮದಲ್ಲಿ ಏನೋ ಪುಣ್ಯ ಮಾಡಿದ್ದೀರಿ.

ಅವರು ರೈಟರ್. ಹೊರಗಿನವರು ಗಾಬರಿಯಾಗಬೇಡಿ, ಕಾದಂಬರಿ ಬರೆಯುವವರಲ್ಲ. ನಮ್ಮ ಕಾಫಿ ಸೀಮೆಯಲ್ಲಿ ತೋಟದ ಆಳುಗಳ ಹಾಜರಿ, ಕಾಗದಪತ್ರ ನೋಡಿಕೊಳ್ಳುವವರಿಗೆ ರೈಟರ್ ಎನ್ನುತ್ತಾರೆ. ಕೊಟ್ಟಿಗೆಹಾರದ ಕಡೆಯ ಒಂದು ಎಸ್ಟೇಟಿನಲ್ಲಿ ಇವರು ಮೂವತ್ತೆಂಟು ವರ್ಷ ದಿನಾ ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಮಸ್ಟರ್ ಕರೆದವರು. ಹೆಸರು ಕೂಗಿದರೆ ಆಳು 'ಬಂದೆ' ಎನ್ನಬೇಕು, ಇವರು ಪುಸ್ತಕದಲ್ಲಿ ಗುರುತು ಹಾಕಬೇಕು. ಮದುವೆಯ ಹಾಜರಿ ಮಾತ್ರ ಹಾಕಲು ಮರೆತರು. ರಿಟೈರಾದ ಮೇಲೆ ನಮ್ಮ ಮನೆಯ ಹಿಂಬದಿಯ ಎರಡು ಕೋಣೆಯ ಪುಟ್ಟ ಮನೆಗೆ ಬಾಡಿಗೆಗೆ ಬಂದರು. ಕೆಲಸ ನಿಂತಿತು, ಚಾಳಿ ನಿಲ್ಲಲಿಲ್ಲ.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಜಗುಲಿಗೆ ಬರುತ್ತಾರೆ. ಮೊದಲು ನನ್ನ ಮೂರು ಕೋಳಿಗಳ ಹಾಜರಿ. ಆಮೇಲೆ ನಾಯಿಯದು. ನಮ್ಮ ನಾಯಿ ಮಧ್ಯಾಹ್ನವಾಗುತ್ತಲೇ ಎದುರುಗಡೆ ಜೀಪ್ ರಿಪೇರಿ ಮಾಡುವ ಹಸನಬ್ಬನ ಗ್ಯಾರೇಜಿಗೆ ಮೂಳೆಯ ಆಸೆಗೆ ಓಡುತ್ತದಾದ್ದರಿಂದ ಅದಕ್ಕೆ ವಾರದಲ್ಲಿ ನಾಲ್ಕು ದಿನ ಅರ್ಧ ಹಾಜರಿ. ಆಮೇಲೆ ನಾನು. ಕೊನೆಗೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಕೂಗಿ, ದನಿ ತಗ್ಗಿಸಿ 'ಬಂದೆ' ಎನ್ನುತ್ತಾರೆ. ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಲು ಚಿಕ್ಕಮಗಳೂರಿಗೆ ಹೊರಟವರು ನನಗೆ ರಜೆ ಅರ್ಜಿ ಕೊಟ್ಟಿದ್ದರು. ನಾನು ಸಹಿ ಮಾಡಲು ಮರೆತು ತೊಗರಿಬೇಳೆ ಡಬ್ಬಿಯ ಕೆಳಗಿಟ್ಟೆ. ಬಸ್‌ಸ್ಟ್ಯಾಂಡಿನವರೆಗೆ ಹೋದವರು ರಜೆ ಮಂಜೂರಾಗಿಲ್ಲವೆಂದು ವಾಪಸ್ ಬಂದರು. ಡಾಕ್ಟರು ಇನ್ನೊಂದು ವಾರ ಕಾಯಬೇಕಾಯಿತು.

ಇಂಥ ಶಿಸ್ತಿನ ಮನುಷ್ಯನಿಗೂ ನನಗೂ ಜಗಳ ಹತ್ತಿದ್ದು ಒಳಬಾಡಿಗೆಯ ವಿಷಯಕ್ಕೆ. ಅದಕ್ಕೊಂದು ಪೂರ್ವಕಥೆ ಇದೆ. ಇವರಿಗಿಂತ ಮುಂಚೆ ಆ ಮನೆಯಲ್ಲಿದ್ದವನು ಸಭ್ಯನಂತೆ ಕಾಣುತ್ತಿದ್ದ ಒಬ್ಬ ಗಂಡಸು. ನನಗೊಂದು ಮಾತೂ ಹೇಳದೆ ಮನೆಯನ್ನು ಇಂಟರ್ನೆಟ್ಟಿನಲ್ಲಿ ಹೋಮ್‌ಸ್ಟೇ ಎಂದು ಹಾಕಿಬಿಟ್ಟ! ಶನಿವಾರ ಬಂತೆಂದರೆ ಕಾರುಗಟ್ಟಲೆ ಜನ. ನಾನು ಅಂಗಳದ ತರಗೆಲೆ ಗುಡಿಸಿ ಬೆಂಕಿ ಹಾಕಿದರೆ ಸುತ್ತ ನಿಂತು ಕೈ ಕಾಯಿಸಿಕೊಂಡು, ಕ್ಯಾಂಪ್‌ಫೈರ್ ಇಷ್ಟೇನಾ ಆಂಟಿ ಎಂದು ಕೇಳುವವರು. ಪಾಪ, ಹಸಿದಿದ್ದಾರೆ ಎಂದು ಒಂದು ಗುಂಪಿಗೆ ಕಡುಬು ಮಾಡಿ ಬಡಿಸಿದೆ. ಅವರು ಹೋಗಿ ಬರೆದದ್ದೇನು ಗೊತ್ತೇ? ಜಾಗ ಚೆನ್ನಾಗಿದೆ, ಅಡುಗೆ ಆಂಟಿ ಸ್ವಲ್ಪ ಸಿಡುಕು, ಮೂರು ಸ್ಟಾರ್. ನನ್ನ ಮನೆಗೆ ನಾನೇ ಅಡುಗೆಯವಳು, ಅದಕ್ಕೂ ಮೂರೇ ಸ್ಟಾರು!

ಅವನನ್ನು ಬಿಡಿಸಿ ರೈಟರ್ರನ್ನು ಇರಿಸಿಕೊಳ್ಳುವಾಗ, ಕರಾರು ಪತ್ರದಲ್ಲಿ ಒಳಬಾಡಿಗೆಯ ಸುದ್ದಿಯೇ ಕೂಡದೆಂದು ಬರೆಸಬೇಕೆಂದೆ. ಬರೆದವರು ಯಾರು? ಅವರೇ! ಎಷ್ಟು ಗಟ್ಟಿಯಾಗಿ ಬರೆಯಲಿ ಎಂದು ಕೇಳಿದರು. ಕಬ್ಬಿಣದ ಹಾಗಿರಲಿ ಎಂದೆ. 'ಯಾವುದೇ ಕಾಲಕ್ಕೂ, ಯಾವುದೇ ಕಾರಣಕ್ಕೂ, ಯಾವುದೇ ವ್ಯಕ್ತಿಗೂ ಒಳಬಾಡಿಗೆಗೆ ಕೊಡತಕ್ಕದ್ದಲ್ಲ' ಎಂದು ಬರೆದು, ಸ್ಕೇಲ್ ಇಟ್ಟು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು, ಬಾಡಿಗೆದಾರನಾಗಿ ತಾವೇ ಸಹಿ ಹಾಕಿದರು. ಅದು ಏಳನೇ ಷರತ್ತು. ಬರೆದಾದ ಮೇಲೆ ಕಾಗದವನ್ನು ದೂರ ಹಿಡಿದು ನೋಡಿ, ಇದನ್ನು ಯಾವ ವಕೀಲನೂ ಅಲ್ಲಾಡಿಸಲಾರ ಎಂದು ಹೆಮ್ಮೆಪಟ್ಟರು.

ಹೋದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ದಿನ ಪೋಸ್ಟ್‌ಮ್ಯಾನ್ ಬಂದ. ರಿಜಿಸ್ಟರ್ಡ್ ಪತ್ರ. ರೈಟರ್ರು ಜಗುಲಿಯಲ್ಲೇ ಕೂತಿದ್ದರು. ಅವರ ಮುಂದೆಯೇ ಹಾದುಬಂದು ಪೋಸ್ಟ್‌ಮ್ಯಾನ್ ನನ್ನಿಂದ ಸಹಿ ತೆಗೆದುಕೊಂಡ. ಒಡೆದು ನೋಡಿದರೆ ಪತ್ರ ಅವರದೇ! ನಡುವೆ ಇರುವುದು ಒಂದು ಗೋಡೆ, ಪತ್ರ ಪೋಸ್ಟಾಫೀಸು ಸುತ್ತಿ ಮೂರು ದಿನದ ಮೇಲೆ ಬಂದಿದೆ. ಏಳನೇ ಷರತ್ತನ್ನು ಸಡಿಲಿಸಿ, ಮುಂದಿನ ಕೋಣೆಯನ್ನು ಒಳಬಾಡಿಗೆಗೆ ಕೊಡಲು ಅನುಮತಿ ಬೇಕೆಂದು ಒಕ್ಕಣೆ. ಕಾರಣ ಎಂಬಲ್ಲಿ ಒಂದೇ ಗೆರೆ, ಅದರ ಮೇಲೆ 'ಸ್ವಂತ ಕಾರಣ'. ನಾನು ತಲೆ ಎತ್ತಿದರೆ ಅವರು, ಏನೂ ಗೊತ್ತಿಲ್ಲದವರ ಹಾಗೆ, ಎಲ್ಲಿಂದ ಪತ್ರ ಎಂದು ವಿಚಾರಿಸಿದರು.

ಆಗೋದಿಲ್ಲ ಎಂದು ಅಲ್ಲೇ ಹೇಳಿದೆ. ಬಾಯಿ ಮಾತು ನಡೆಯದಂತೆ, ಲಿಖಿತ ಉತ್ತರ ಬೇಕಂತೆ. ನನಗೋ ಜಗಳದ ಭಾಷೆ ಬರುತ್ತದೆ, ಆಫೀಸಿನ ಭಾಷೆ ಬರುವುದಿಲ್ಲ. ನನ್ನ ನಲ್ಲಿ ಕನೆಕ್ಷನ್ನಿನ ಅರ್ಜಿಯಿಂದ ಹಿಡಿದು ಎಲ್ಲ ಕಾಗದ ಬರೆದುಕೊಡುವವರು ಅವರೇ. ಬೇರೆ ದಾರಿ ಕಾಣದೆ, ಇದನ್ನೂ ನೀವೇ ಬರೆದುಕೊಡಿ ಎಂದೆ. ಬೇರೆ ಯಾರಾದರೂ ಆಗಿದ್ದರೆ ಮೆತ್ತಗೆ ಬರೆಯುತ್ತಿದ್ದರು. ಇವರು ಬರೆದರು ನೋಡಿ! ಅರ್ಜಿದಾರರು ತಾವೇ ಒಪ್ಪಿದ ಷರತ್ತನ್ನು ಮುರಿಯಲು ಹೊರಟಿರುವುದು ನಾಚಿಕೆಗೇಡು, ಮತ್ತೊಮ್ಮೆ ಇಂಥ ಅರ್ಜಿ ಬಂದಲ್ಲಿ ಮನೆ ಖಾಲಿ ಮಾಡಿಸಲಾಗುವುದು ಎಂದೆಲ್ಲ ಬರೆದು ನನ್ನ ಸಹಿ ತೆಗೆದುಕೊಂಡು, ಅದನ್ನು ಮನೆಗೆ ಒಯ್ದು ಓದಿದರು. ಓದಿ, ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮೂರನೆಯ ದಿನ ಇನ್ನೊಂದು ರಿಜಿಸ್ಟರ್ಡ್ ಪತ್ರ: 'ತಮ್ಮ ಪತ್ರದ ಭಾಷೆಯಿಂದ ಮನಸ್ಸಿಗೆ ತೀವ್ರ ನೋವಾಗಿದೆ.'

ಕೊನೆಗೆ ಹಸನಬ್ಬ ಪಂಚಾಯಿತಿಗೆ ಬಂದ. ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಎರಡೂ ಕಡೆಯ ಕಾಗದ ಓದಿದ. ಅರ್ಧ ಓದಿದ್ದಕ್ಕೇ ಅವನಿಗೆ ಸುಸ್ತಾಯಿತು. ಇದಕ್ಕೆಲ್ಲ ಬಾಡಿಗೆ ಯಾಕೆ, ಯಾರೋ ಬೇಕಾದವರು ಇದ್ದರೆ ನೆಂಟರೆಂದು ಇರಿಸಿಕೊಳ್ಳಿ, ಅಕ್ಕ ಬೇಡ ಅನ್ನುತ್ತಾರಾ ಎಂದ. ನಾನೂ ದೊಡ್ಡ ಮನಸ್ಸು ಮಾಡಿ, ನೆಂಟರು ಎಷ್ಟು ದಿನ ಬೇಕಾದರೂ ಇರಲಿ, ವರ್ಷವಾದರೂ ಇರಲಿ ಎಂದೆ. ರೈಟರ್ರು ತಲೆ ಅಲ್ಲಾಡಿಸಿದರು.

"ನೆಂಟರು ಬೇಡ ಅಮ್ಮ. ಬಾಡಿಗೇನೇ ಆಗ್ಬೇಕು. ಚೀಟಿ ಕೊಡೋ ಹಾಗಿರ್ಬೇಕು."

ನನಗೆ ರೇಗಿಹೋಯಿತು. ಬಿಟ್ಟಿ ಇರಲಿ ಅಂದರೂ ಬೇಡ, ಬಾಡಿಗೆಯೇ ಬೇಕು ಎಂದರೆ ಏನರ್ಥ? ಇವರೂ ಹೋಮ್‌ಸ್ಟೇಗೆ ಇಳಿದರು ಎಂದೇ! ಅನುಮಾನಕ್ಕೆ ಸರಿಯಾಗಿ ಆ ವಾರ ಸಂತೆಯಿಂದ ಒಂದು ಹಗ್ಗದ ಮಂಚ ಬಂತು, ಹೊಸ ಕಂಬಳಿ ಬಂತು, ಎರಡನೇ ಲೋಟ ಬಂತು. ಎಪ್ಪತ್ತರ ಹತ್ತಿರದ ಬ್ರಹ್ಮಚಾರಿಗೆ ಎರಡನೇ ಲೋಟ ಯಾಕೆ? ನಾನು ದಿನಾ ಮೊಬೈಲಿನಲ್ಲಿ ಮೂಡಿಗೆರೆಯ ಹೋಮ್‌ಸ್ಟೇಗಳ ಪಟ್ಟಿ ತೆಗೆದು, ನಮ್ಮ ಜಗುಲಿಯ ಫೋಟೋ ಎಲ್ಲಾದರೂ ಬಂದಿದೆಯೇ ಎಂದು ಹುಡುಕತೊಡಗಿದೆ. ಸಿಗಲಿಲ್ಲ. ಸಿಗದಿದ್ದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು.

ಮೂರನೆಯ ಪತ್ರದ ಜೊತೆ ಒಂದು ಪೊಟ್ಟಣ ಬಂತು. 'ಅರ್ಜಿದಾರರು ಶಿಸ್ತಿನ ಬಾಡಿಗೆದಾರರೆಂಬುದಕ್ಕೆ ದಾಖಲೆ' ಎಂದು ಮೇಲೆ ಬರೆದಿತ್ತು. ಒಳಗಿದ್ದದ್ದು ಅವರ ಹಾಜರಿ ಪುಸ್ತಕ! ಬಿಡುತ್ತೇನೆಯೇ? ಮೊದಲು ನನ್ನ ಸಾಲು ಹುಡುಕಿದೆ. ಹಾಜರಿಯ ಪಕ್ಕದಲ್ಲಿ ಷರಾ ಬೇರೆ: 'ಕೋಪ', 'ಕೋಪ', 'ಮಂಡಿನೋವು', 'ಕೋಪ', 'ಹಲಸಿನ ಹಪ್ಪಳ ಕೊಟ್ಟರು', 'ಕೋಪ'. ಒಂದು ದಿನವಾದರೂ ನಗು ಎಂದು ಬರೆದಿದ್ದಾರೆಯೇ ಎಂದು ಹಾಳೆ ತಿರುವುತ್ತ ಹೋದಾಗ ಇನ್ನೊಂದು ಹೆಸರು ಕಣ್ಣಿಗೆ ಬಿತ್ತು. ಎಲ್ಲ ಹಾಳೆಯಲ್ಲೂ, ಕೋಳಿ, ನಾಯಿ, ನಾನು, ಅವರು, ಎಲ್ಲರೂ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ: ಐತಪ್ಪ. ದೀಪಾವಳಿಯ ಮೂರು ದಿನ ಬಿಟ್ಟರೆ ಅದರ ಮುಂದೆ ದಿನವೂ ಒಂದೇ ಮಾತು: ರಜೆ. ಒಂದು ವರ್ಷಕ್ಕೂ ಹೆಚ್ಚು ದಿನ ರಜೆ.

ಪುಸ್ತಕ ಹಿಡಿದು ನೇರ ಅವರ ಜಗುಲಿಗೆ ಹೋದೆ. "ಯಾರು ರೈಟ್ರೇ ಈ ಐತಪ್ಪ?"

ಅವರು ಕನ್ನಡಕ ತೆಗೆದರು. "ನಮ್ಮ ಮೇಸ್ತ್ರಿ ಅಮ್ಮ."

ಆಮೇಲೆ ಪತ್ರವಿಲ್ಲದೆ, ಷರತ್ತಿಲ್ಲದೆ, ಬಾಯಲ್ಲೇ ಹೇಳಿದರು. ಐತಪ್ಪ ಹದಿನೆಂಟರ ವಯಸ್ಸಿಗೆ ಚಾರ್ಮಾಡಿ ಘಾಟಿ ಹತ್ತಿ ಬಂದು, ಆಳಾಗಿ ಸೇರಿ, ಆಳುಗಳ ಮೇಲಿನ ಮೇಸ್ತ್ರಿಯಾದವನು. ಮಸ್ಟರಿನಲ್ಲಿ ದಿನಾ ಮೊದಲ ಹೆಸರು ಅವನದೇ. ಆಳುಗಳಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲೇ ಮದುವೆಯಾಗಿ, ಅಲ್ಲೇ ಹೆಂಡತಿಯನ್ನು ಕಳೆದುಕೊಂಡ. ಕೆಲಸ ಇರುವವರೆಗೆ ಮನೆ, ಕೆಲಸ ಮುಗಿದರೆ ಮನೆ ಬಿಡಬೇಕು. ಅದು ಲೈನಿನ ಕಾಯ್ದೆ. ಅವನು ಬಿಟ್ಟ. ಹೊಸ ಮಾಲೀಕರು ಆ ಲೈನಿಗೆ ಹಂಚು ಹೊದಿಸಿ, ಬಣ್ಣ ಬಳಿದು, ಹೆರಿಟೇಜ್ ಕಾಟೇಜ್ ಎಂದು ಬೋರ್ಡು ಹಾಕಿದ್ದಾರಂತೆ. ಐತಪ್ಪನ ಹೆಂಡತಿ ಅಡುಗೆ ಮಾಡುತ್ತಿದ್ದ ಒಲೆಯ ಪಕ್ಕ ಕೂತು ಪ್ರವಾಸಿಗಳು ಕಾಫಿ ಕುಡಿದು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಎಷ್ಟು ಸ್ಟಾರ್ ಕೊಡುತ್ತಾರೋ! ಐತಪ್ಪ ಘಾಟಿಯ ಕೆಳಗೆ ಮಗಳ ಮನೆಯಲ್ಲಿದ್ದಾನೆ.

"ಸೆಕೆ ತಡಿಯಕ್ಕಾಗಲ್ಲ ಅಂತ ಫೋನಲ್ಲಿ ಹೇಳ್ತಾನೆ. ಸೆಕೆ ಅಲ್ಲ ಅಮ್ಮ, ಸಂಕೋಚ. ಅಳಿಯನ ಮನೆ."

"ಅಯ್ಯೋ ಮಾರಾಯ್ರೇ, ಸುಮ್ನೆ ಕರ್ಕೊಂಡು ಬರೋದಲ್ವಾ? ನೆಂಟರು ಇರ್ಲಿ ಅಂತ ನಾನೇ ಅಂದಿದ್ದೆನಲ್ಲ."

"ಕರ್ದಿದ್ದೆ. ದೀಪಾವಳಿಗೆ ಬಂದಿದ್ನಲ್ಲ, ನೀವೇ ನೋಡಿದ್ರಿ."

ನೆನಪಾಯಿತು. ಜಗುಲಿಯ ಅಂಚಿನಲ್ಲಿ, ಯಾರೋ ಈಗ ಎದ್ದು ಹೋಗು ಎನ್ನುತ್ತಾರೇನೋ ಎಂಬಂತೆ ಕೂತಿದ್ದ ಒಬ್ಬ ಮುದುಕ. ನಾನು ಹೋಳಿಗೆ ಕೊಟ್ಟರೆ ನಿಂತುಕೊಂಡೇ ತಿಂದಿದ್ದ.

"ಮೂರು ದಿನ ಇದ್ದ. ಮೂರು ದಿನಾನೂ ಚೀಲ ಬಿಚ್ಚಲಿಲ್ಲ. ಬಿಟ್ಟಿ ಇರಲ್ಲ ರೈಟ್ರೇ, ಬಾಡಿಗೆ ತಗೊಂಡು ಚೀಟಿ ಬರ್ಕೊಡೋದಾದ್ರೆ ಇರ್ತೀನಿ ಅಂದ. ಚೀಟಿ ಕೊಡ್ಬೇಕಾದ್ರೆ ಏಳನೇ ಷರತ್ತು ಅಡ್ಡ ಬರ್ತದೆ."

ನನ್ನ ಸ್ವಭಾವ ನೋಡಿ, ಮನಸ್ಸು ಕರಗಿದಾಗಲೇ ಕುಹಕ ಬರುವುದು. ಬರದೇ ಇದ್ದ ಆಳಿಗೆ ಆಬ್ಸೆಂಟ್ ಹಾಕಬೇಕು ತಾನೆ, ದಿನಾ ರಜೆ ಯಾಕೆ, ಯಾವ ಕಾಯ್ದೆ ಇದು ಎಂದೆ.

"ಒಂದ್ಸಲ ಹಾಕಿದ್ದೆ ಅಮ್ಮ. ಅವನ ಹೆಂಡ್ತಿ ತೀರಿಹೋದ ದಿನ. ರಜೆ ಚೀಟಿ ಕೊಟ್ಟಿಲ್ಲ ಅಂತ ಆಬ್ಸೆಂಟ್ ಹಾಕ್ದೆ. ಮಾರನೇ ದಿನ ಬಂದು ಸಾಲಲ್ಲಿ ನಿಂತ. ಹೆಸರು ಕರ್ದೆ, ಬಂದೆ ಅಂದ. ಅಷ್ಟೇ. ಇವತ್ತಿಗೂ ಆ ಮಾತು ಎತ್ತಿಲ್ಲ ಅವನು."

ಇಷ್ಟೆಲ್ಲ ಇರುವಾಗ ಮೊದಲ ಪತ್ರದಲ್ಲೇ ಬರೆಯಬಾರದಿತ್ತೇ ಎಂದು ಕೇಳಿದೆ. ಕಾರಣ ಎಂಬಲ್ಲಿ ಒಂದೇ ಗೆರೆ ಜಾಗ ಬಿಟ್ಟಿದ್ದರಂತೆ, ಅದರಲ್ಲಿ ಹಿಡಿಸಲಿಲ್ಲವಂತೆ! ಆ ಗೆರೆ ಎಳೆದವರೂ ಅವರೇ ಎಂದು ಬೇರೆ ಹೇಳಬೇಕಿಲ್ಲ.

ಸರಿ, ಒಪ್ಪಿದೆ, ಕರೆಸಿ ಎಂದೆ. ಬಾಯಿ ಮಾತು ನಡೆಯುವುದಿಲ್ಲವೆಂದರು. ನನಗೆ ಮತ್ತೆ ಕೋಪ ಬಂತು. ಬಹುಶಃ ಮಾರನೆಯ ದಿನದ ಷರಾದಲ್ಲಿ ಅದೂ ಸೇರಿತು. ಕರಾರು ಪತ್ರ ತಂದು, ಸ್ಕೇಲ್ ಇಟ್ಟು, ತಾವೇ ಅಷ್ಟು ಗಟ್ಟಿಯಾಗಿ ಬರೆದ ಏಳನೇ ಷರತ್ತಿನ ಮೇಲೆ ಅದೇ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು. ಸ್ಕೇಲ್ ಜಾರಿ ಗೆರೆ ಸ್ವಲ್ಪ ಸೊಟ್ಟಗಾಯಿತು. ಇನ್ನೊಮ್ಮೆ ಎಳೆಯುತ್ತಾರೆ ಎಂದುಕೊಂಡೆ, ಎಳೆಯಲಿಲ್ಲ.

ಐತಪ್ಪ ಮುಂದಿನ ಸೋಮವಾರದ ಬಸ್ಸಿಗೆ ಬಂದ. ಒಂದು ಟ್ರಂಕು, ಒಂದು ಕೊಡೆ, ಕಾಫಿ ಗಿಡ ಕಸಿ ಮಾಡುವ ಒಂದು ಕತ್ತಿ. ಬಾಡಿಗೆ ಎಷ್ಟೆಂದು ಮಾತ್ರ ಕೇಳಬೇಡಿ, ಹೇಳಿದರೆ ಊರಿನ ಮನೆ ಮಾಲೀಕರೆಲ್ಲ ನನ್ನನ್ನು ಜಾತಿಯಿಂದ ಹೊರಗೆ ಹಾಕುತ್ತಾರೆ. ರೈಟರ್ರು ಚೀಟಿ ಬರೆದು, ನಂಬರು ಹಾಕಿ, ಅಂಚೆಯಲ್ಲಿ ಕಳಿಸದೆ ಕೈಗೇ ಕೊಟ್ಟರು. ಐತಪ್ಪ ಅದನ್ನು ಹಿಡಿದುಕೊಂಡು ನಾನು ಕಾಫಿ ಹಣ್ಣು ಒಣಹಾಕಿದ್ದ ಕಡೆ ಬಂದ. ಅವನಿಗೆ ಓದು ಬರುವುದಿಲ್ಲ.

"ಅಮ್ಮ, ಇದ್ರಲ್ಲಿ ನನ್ನ ಹೆಸರು ಎಲ್ಲುಂಟು?"

ತೋರಿಸಿದೆ. ಅವನು ಅದರ ಮೇಲೆ ಬೆರಳಿಟ್ಟ. ತೆಗೆಯಲಿಲ್ಲ.

"ಅಷ್ಟೂ ವರ್ಷ ದಿನಾ ಬರೀತಿದ್ರು ನನ್ನ ಹೆಸರು. ಎಲ್ಲಾ ಅವ್ರ ಪುಸ್ತಕದಲ್ಲೇ ಉಳೀತು. ನನ್ನ ಕೈಗೆ ಸಿಕ್ಕಿದ್ದು ಇದೇ ಮೊದ್ಲು."

ಆಮೇಲೆ ಒಳಗೆ ಹೋಗಿ, ಟ್ರಂಕಿನ ಬೀಗ ತೆಗೆದು, ಸಾಮಾನು ಒಂದೊಂದಾಗಿ ಹೊರಗಿಡತೊಡಗಿದ.