ಚುಕ್ಕಿ ಪದವೀಧರ

ಎಲ್ಲ ರಗಳೆಗೂ ಕಾರಣ ಆನ್‌ಲೈನ್ ಕೆಲಸದ ಅರ್ಜಿಯ ಮೂರನೆಯ ಪುಟದಲ್ಲಿದ್ದ ಒಂದು ಖಾಲಿ ಚೌಕ. ‘ನಿಮ್ಮ ತಾಂತ್ರಿಕ ಪದವಿ’ ಎಂದು ಅದರ ನೆತ್ತಿಯ ಮೇಲೆ ಬರೆದಿತ್ತು. ಅರ್ಜಿ ತುಂಬುತ್ತಿದ್ದ ದರ್ಜಿಗೆ ಅಂಥ ಪದವಿ ಇರಲಿಲ್ಲ. ಖಾಲಿ ಬಿಟ್ಟರೆ ಚೌಕ ಕೆಂಪಗಾಗಿ ಮುಂದಿನ ಪುಟಕ್ಕೆ ಬಿಡುತ್ತಿರಲಿಲ್ಲ. ಅರ್ಜಿಗೆ ಅಂದೇ ಸಂಜೆ ಐದು ಗಂಟೆಗೆ ಗಡುವು.

ಇಪ್ಪತ್ತು ವರ್ಷ ಬಟ್ಟೆ ಹೊಲಿದ ಈತ, ನರ್ಸ್ ಹೆಂಡತಿಗೆ ಪರದೇಶದಲ್ಲಿ ಕೆಲಸ ಸಿಕ್ಕಾಗ ಕತ್ತರಿ ಕಟ್ಟಿಟ್ಟು ಜೊತೆಗೆ ಬಂದಿದ್ದ. ಇಲ್ಲಿಯವರು ಹರಿದ ಬಟ್ಟೆಯನ್ನು ಹೊಲಿಸುವುದಿಲ್ಲ, ಎಸೆಯುತ್ತಾರೆ. ಹಾಗಾಗಿ ಎರಡು ವರ್ಷ ಮನೆಯಲ್ಲೇ ಕೂತು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ವಿದ್ಯೆಯನ್ನು ತಾನೇ ಕಲಿತ. ಅಂಗಿಯ ಒಳಮೈ ಹೊರಗೆ ಮಾಡಿ ಹೊಲಿಗೆ ಎಳೆದು ನೋಡಿದವನಿಗೆ ಇದೇನು ಮಹಾ! ಹೆಂಡತಿ ಎರಡೆರಡು ಪಾಳಿ ದುಡಿದು ಊದಿದ ಕಾಲಿನಲ್ಲಿ ಮನೆಗೆ ಬರುತ್ತಿದ್ದಳು. ತಪ್ಪು ಹುಡುಕುವ ಈ ಕೆಲಸ ಸಿಕ್ಕರೆ ಅವಳ ಒಂದು ಪಾಳಿ ತಪ್ಪುತ್ತಿತ್ತು.

“ಭಾವ, ನನ್ನ ಕಾಲೇಜಿನ ಹೆಸರು ಹಾಕಿಬಿಡಿ. ಯಾರು ನೋಡ್ತಾರೆ?” ಎಂದ ಭಾವಮೈದುನ. ಇವನು ಅಸಲಿ ಇಂಜಿನಿಯರು. ಸಲಹೆ ಕೊಡಲೆಂದೇ ರಜೆ ಹಾಕಿ ಬಂದಿದ್ದ.

“ನಿನ್ನ ಕಾಲೇಜು ನಿನ್ನ ಹತ್ರಾನೇ ಇರಲಿ. ನಾನು ದರ್ಜಿ. ಹಾಗಂತ ಹೇಳ್ಕೊಂಡೇ ಒಳಗೆ ಹೋಗ್ತೀನಿ.”

ಜಗಳದ ಸದ್ದಿಗೆ ಮಹಡಿ ಮೇಲಿದ್ದ ನಮ್ಮ ಕಡೆಯ ನಿವೃತ್ತ ಮೇಷ್ಟ್ರು ಚಪ್ಪಲಿ ಎಳೆದುಕೊಂಡು ಇಳಿದು ಬಂದರು. ಕರೆಯದೆ ಬರುವುದು ಅವರಿಗೆ ರೂಢಿ. “‘ವಸ್ತ್ರ ಇಂಜಿನಿಯರ್’ ಅಂತ ಬರೀಪ್ಪಾ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಕೋಲು ಮುರಿದರೆ ಮುರೀಲಿ ಮೇಷ್ಟ್ರೇ, ಸುಳ್ಳು ಬರೆಯಲ್ಲ.”

ಭಾವಮೈದುನ ಲ್ಯಾಪ್‌ಟಾಪ್ ಕಿತ್ತುಕೊಂಡು ತನ್ನ ಕಾಲೇಜನ್ನು ತುಂಬಿದ. ಮೇಷ್ಟ್ರು ಅದನ್ನು ಕಿತ್ತುಕೊಂಡು, ಕಾಲೇಜನ್ನು ಅಳಿಸಿ, ವಸ್ತ್ರವನ್ನು ತುಂಬಿದರು. ಎಳೆದಾಟದಲ್ಲಿ ಟೀ ಚೆಲ್ಲಿ ಮೇಷ್ಟ್ರ ಪಂಚೆ ತೊಯ್ದಿತು. ಒರೆಸಿಕೊಳ್ಳಲು ಅವರು ಬಾಲ್ಕನಿಗೆ ಹೋದರು, ಕ್ಷಮೆ ಕೇಳಲು ಭಾವಮೈದುನ ಹಿಂದೆ ಹೋದ. ಇದೇ ಸಮಯವೆಂದು ದರ್ಜಿ ಗಾಜಿನ ಬಾಗಿಲಿಗೆ ಚಿಲಕ ಹಾಕಿಬಿಟ್ಟ.

ಈಗ ಅವನೂ ಚೌಕವೂ ಇಬ್ಬರೇ. ವಸ್ತ್ರವನ್ನು ಅಳಿಸಿ, ಅಂಗಿಯನ್ನು ಪರೀಕ್ಷಿಸುವಂತೆ ಅಲ್ಲಿ ಇಲ್ಲಿ ಎಳೆದು ನೋಡಿದ. ಬರೀ ಜಾಗ ಬಿಟ್ಟ. ಕೆಂಪು. ಸೊನ್ನೆ ಹಾಕಿದ. ಕೆಂಪು. ಒಂದು ಚುಕ್ಕಿ ಇಟ್ಟ. ಚೌಕ ಹಸಿರಾಗಿ, ಉಳಿದ ಪುಟಗಳೆಲ್ಲ ಸರಾಗವಾಗಿ ತೆರೆದುಕೊಂಡವು. ಕೊನೆಯಲ್ಲಿ ‘ನಿಮ್ಮ ಪದವಿ ಪರಿಶೀಲಿಸಲಾಗಿದೆ, ಹತ್ತು ನಿಮಿಷದಲ್ಲಿ ಸಂದರ್ಶನ’ ಎಂಬ ಉತ್ತರ ಬಂತು.

ತೆರೆಯ ಮೇಲೆ ಬಂದ ಮ್ಯಾನೇಜರಮ್ಮನ ಭಾಷೆ ಬೇರೆ. ನಮಗೆ ತಿಳಿಯಲೆಂದು ಕನ್ನಡದಲ್ಲೇ ಹೇಳುತ್ತೇನೆ.

“ನಿಮ್ಮ ಹಿಂದೆ ಗಾಜಿಗೆ ಮೂಗು ಒತ್ತಿಕೊಂಡಿರೋ ಇಬ್ಬರು ಯಾರು?”

“ನನ್ನ ಸಲಹೆಗಾರರು. ಹೊರಗೆ ಹಾಕಿದೀನಿ.”

“ಒಳ್ಳೇದು. ನಿಮ್ಮ ಪದವಿ?”

“ಇಲ್ಲ ಮೇಡಂ. ನಿಮ್ಮ ಚೌಕದಲ್ಲಿ ಚುಕ್ಕಿ ಇಟ್ಟೆ, ಒಳಗೆ ಬಿಟ್ಟುಬಿಡ್ತು. ತಪ್ಪು ಹುಡುಕೋ ಕೆಲಸ ತಾನೇ? ಸೇರೋ ಮುಂಚೆನೇ ಒಂದು ಹುಡುಕಿ ಕೊಟ್ಟಿದೀನಿ.”

ಆಕೆ ಕೂಗಿ ಇಡೀ ಆಫೀಸನ್ನೇ ಕರೆದಳು. ಪದವಿ ಪಡೆದ ನಾಲ್ವರು ಬಂದು ಚುಕ್ಕಿಯನ್ನು ನೋಡಿ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು.

“ಇಂಥವರೇ ನಮಗೆ ಬೇಕು!” ಎಂದಳು ಆಕೆ. “ಕೆಲಸ ನಿಮ್ಮದೇ. ಆದರೆ ಈ ಅರ್ಜಿ ಅಡ್ಡದಾರೀಲಿ ಬಂದಿದೆ, ರದ್ದು ಮಾಡಬೇಕು. ಈಗಲೇ ತಪ್ಪು ಸರಿಮಾಡಿಸ್ತೀನಿ, ಇನ್ನೊಂದ್ಸಲ ಕಳಿಸಿಬಿಡಿ.”

ದರ್ಜಿ ಚಿಲಕ ತೆಗೆದ. ಚಳಿಗೆ ನಡುಗುತ್ತಿದ್ದ ಮೇಷ್ಟ್ರು ಬೈಯುವುದನ್ನು ಮರೆತು ಅವನನ್ನು ತಬ್ಬಿಕೊಂಡರು. ಫೋನಿನಲ್ಲಿ ಹೆಂಡತಿ, “ನಿಜಾನಾ ರೀ? ಹಾಗಾದ್ರೆ ರಾತ್ರಿ ಪಾಳಿ ಬೇಡ ಅಂತ ಹೇಳ್ಬಿಡ್ಲಾ?” ಎಂದಳು. “ಹೇಳ್ಬಿಡು!” ಎಂದು ಇವನು ಕೂಗಿದ. ಅವನ ಕಣ್ಣಲ್ಲಿ ನೀರು ಬಂದಿತ್ತು.

ನಾಲ್ಕೂಮುಕ್ಕಾಲಿಗೆ ಅರ್ಜಿ ಮತ್ತೆ ತೆರೆಯಿತು. ಚುಕ್ಕಿ ಇಟ್ಟ. ಕೆಂಪು. ‘ಇಲ್ಲ’ ಎಂದು ಬರೆದ. ‘ಪದವಿ ಇಲ್ಲದವರು ಅನರ್ಹರು. ವಂದನೆಗಳು’ ಎಂದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಭಾವ, ಇನ್ನೂ ಹತ್ತು ನಿಮಿಷ ಇದೆ, ನನ್ನ ಕಾಲೇಜು...”

“ಬಾಯಿ ಮುಚ್ಚು!” ಎಂದು ದರ್ಜಿ ಮ್ಯಾನೇಜರಮ್ಮನಿಗೆ ಫೋನು ಮಾಡಿದ.

“ನಿಮ್ಮನ್ನೂ ತಡೀತಾ? ಭೇಷ್, ಹಾಗಾದ್ರೆ ಸರಿಹೋಗಿದೆ!” ಎಂದಳು ಆಕೆ ಸಂತೋಷದಿಂದ.

“ಸರಿಹೋಗಿಲ್ಲ ಮೇಡಂ. ಕೆಲಸ ಬಲ್ಲವನನ್ನ ಬೇಡ ಅಂತಿದೆಯಲ್ಲ, ಅದೇ ದೊಡ್ಡ ತಪ್ಪು.”

“ನಿಜ. ಆದರೆ ಅಂಥ ತಪ್ಪನ್ನ ನಮ್ಮ ನೌಕರರು ಮಾತ್ರ ಬರೆದು ಕೊಡಬಹುದು.”

“ಹಾಗಾದ್ರೆ ಮುಂದಿನ ಸಲ ಕರೆದಾಗ ಮತ್ತೆ ಅರ್ಜಿ ಹಾಕ್ತೀನಿ. ಅದರ ಮುಂದಿನ ಸಲಾನೂ ಹಾಕ್ತೀನಿ. ಒಳಗೆ ಬರೋವರೆಗೂ ಬಿಡಲ್ಲ.”

“ದಯವಿಟ್ಟು ಹಾಕಿ,” ಎಂದಳು ಆಕೆ ಮನಸಾರೆ. “ಎಲ್ಲಾದ್ರೂ ತೂರೋಕೆ ಸಂದು ಸಿಕ್ಕಿದ ತಕ್ಷಣ ತಿಳಿಸಿ, ಮುಚ್ಚಿಸಿಬಿಡ್ತೀವಿ.”